ಬಾಣಂತಿ ಕೋಣೆಯ ಎರಡು ಹೀಟರ್

ಊಟ, ಬಟ್ಟೆ, ನೆಂಟರ ಉಪಚಾರ ಯಾವುದರಲ್ಲೂ ನಿಂಗರಾಜುವಿನದು ಬಿಗಿ ಕೈಯಲ್ಲ. ಕರೆಂಟಿನ ವಿಷಯ ಬಂದಾಗ ಮಾತ್ರ ಆಸಾಮಿ ಬೇರೆಯೇ ಆಗಿಬಿಡುತ್ತಿದ್ದ. ಟೀವಿ ಹಾಕಿದ ಮೇಲೆ ಲೈಟು ಯಾಕೆ, ಟೀವಿಯೇ ಬೆಳಕು ಕೊಡುವುದಿಲ್ಲವೇ ಎನ್ನುವುದು ಅವನ ವಾದ. ಮನೆಗೆ ಬಂದವರು ಕೈ ತೊಳೆಯಲು ಎದ್ದು ಹೋದರೆ ಅವರು ವಾಪಸು ಬರುವಷ್ಟರಲ್ಲಿ ನಡುಮನೆಯ ಫ್ಯಾನು ನಿಂತಿರುತ್ತಿತ್ತು. ಮೀಟರ್ ಓದುವವನು ಬಂದ ದಿನ ಗೇಟಿನ ಹತ್ತಿರವೇ ಬಿಲ್ಲು ಇಸಿದುಕೊಂಡು, ಪಕ್ಕದ ಮನೆಯ ಚಿಕ್ಕಸ್ವಾಮಿಯನ್ನು ಕೂಗಿ ಕರೆದು, ನಿಮ್ಮದು ಎಷ್ಟು ಬಂತು ಎಂದು ಕೇಳುವುದು ಅವನ ಪಾಲಿನ ಒಂದು ಸುಖ. ಚಿಕ್ಕಸ್ವಾಮಿಯ ಬಿಲ್ಲು ಯಾವತ್ತೂ ಜಾಸ್ತಿಯೇ ಇರುತ್ತಿತ್ತು.

ನಿಂಗರಾಜು ಹದಿನಾರು ಎಂಬ ಊರಿನವನು. ತಾಂಡ್ಯದ ಒಂದು ನೂಲಿನ ಮಿಲ್ಲಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿದ ಮೇಲೆ ನಂಜನಗೂಡಿನಲ್ಲಿ ಸೈಟು ತೆಗೆದು, ಎರಡು ಕೋಣೆಯ ತಾರಸಿ ಮನೆ ಕಟ್ಟಿಕೊಂಡಿದ್ದ. ಇರುವವಳು ಒಬ್ಬಳೇ ಮಗಳು, ಧನುಶ್ರೀ. ಅವಳನ್ನು ಟಿ. ನರಸೀಪುರದ ರಾಚಯ್ಯ ಮೇಷ್ಟ್ರ ಮಗ ಮಾದೇಶನಿಗೆ ಕೊಟ್ಟಿದ್ದರು. ಮಾದೇಶ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಅವನ ಅಪ್ಪನೇ ಆಡುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಅದು ಕೊರತೆಯಾಗಿ ಕಾಣುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಕಾರ್ತಿಕ ಕಳೆಯುವ ಹೊತ್ತಿಗೆ ಧನುಶ್ರೀಗೆ ಹೆಣ್ಣು ಮಗುವಾಯಿತು. ಮೊದಲ ಬಾಣಂತನ, ತವರಿನಲ್ಲೇ ಆಗಬೇಕು. ನಿಂಗರಾಜುವಿನ ಹೆಂಡತಿ ಗೋವಿಂದಮ್ಮ ಒಳಕೋಣೆಯ ಕಿಟಕಿಗೆ ಹಳೇ ಸೀರೆ ಮಡಿಸಿ ಸಿಗಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟಳು. ಅವಳವ್ವ ಅವಳಿಗೆ ಮಾಡಿದ್ದು ಹಾಗೆಯೇ. ಆದರೆ ಹೊಗೆಗೆ ಮಗು ಕೆಮ್ಮಲು ಶುರುಮಾಡಿತು. ಆಸ್ಪತ್ರೆಯ ನರ್ಸು ಗೋವಿಂದಮ್ಮನಿಗೆ ಚೆನ್ನಾಗಿ ಬೈದು, ಕೆಂಡ ಗಿಂಡ ಎಲ್ಲ ತೆಗೆದು ಆಚೆಗೆ ಹಾಕಿ, ಮಗು ಬೆಚ್ಚಗಿದ್ದರೆ ಸಾಕು ಎಂದಳು. ಬೆಚ್ಚಗಿರಲಿ ಎಂದು ಅವಳು ಹೇಳಿದ ಒಂದೇ ಮಾತು ಆಮೇಲಿನ ಎಲ್ಲದಕ್ಕೂ ಮೂಲವಾಯಿತು.

ಕೆಂಡ ಬೇಡವೆಂದರೆ ಹೀಟರ್ ತನ್ನಿ ಎಂದು ಗೋವಿಂದಮ್ಮ ಗಂಡನಿಗೆ ಹೇಳಿದಳು. ನಿಂಗರಾಜು ಅನ್ನ ಕಲಸುತ್ತಿದ್ದವನು ಸ್ವಲ್ಪ ಹೊತ್ತು ಕಲಸುತ್ತಲೇ ಇದ್ದ. ಮೊಮ್ಮಗಳ ವಿಷಯದಲ್ಲಿ ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಮಾರನೇ ದಿನ ಮೈಸೂರಿಗೆ ಹೋಗಿ ನಾಲ್ಕು ಅಂಗಡಿ ಅಲೆದು ಒಂದು ಹೀಟರ್ ತಂದ. ತಗಡಿನ ಡಬ್ಬಿ, ಮುಂದೆ ಕಂಬಿ, ಒಳಗೆ ಎರಡು ರಾಡು. ಒಂದೊಂದು ರಾಡಿಗೂ ಒಂದೊಂದು ಸ್ವಿಚ್ಚು. ಅವನಿಗೆ ಹಿಡಿಸಿದ್ದೇ ಆ ಎರಡು ಸ್ವಿಚ್ಚು. ಒಂದನ್ನು ಹಾಕದೆಯೇ ಇರಬಹುದಲ್ಲ.

ಸಾವಿರ ವ್ಯಾಟಿನ ರಾಡು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಬಸ್ಸಿನಲ್ಲಿ ಬರುವಾಗಲೇ ಇದನ್ನು ಗುಣಿಸಿ ಭಾಗಿಸಿ, ಮನೆಗೆ ಬಂದವನೇ ಕಾನೂನು ಮಾಡಿದ. ಬೆಳಿಗ್ಗೆ ಮಗುವಿಗೆ ನೀರು ಹಾಕುವಾಗ ಒಂದು ಗಂಟೆ, ಸಂಜೆ ತಂಡಿ ಇಳಿಯುವಾಗ ಒಂದು ಗಂಟೆ, ಅದೂ ಒಂದೇ ರಾಡು. ಗೋವಿಂದಮ್ಮ ಎಲ್ಲಕ್ಕೂ ಆಯಿತು ಆಯಿತು ಎಂದು ತಲೆಯಾಡಿಸಿದಳು. ಅವನು ಡ್ಯೂಟಿಗೆ ಹೊರಟು ಸೈಕಲ್ಲು ತಿರುವು ದಾಟಿದ ಕೂಡಲೇ ಎರಡೂ ರಾಡು ಹಾಕಿದಳು. ಸಂಜೆ ಗೇಟಿನ ಸದ್ದಾದಾಗ ಆರಿಸಿದಳು. ನಿಂಗರಾಜು ಕೈಕಾಲು ತೊಳೆದು ಕೋಣೆಗೆ ಬಂದು ನಿಂತರೆ ಒಳಗೆ ಇಟ್ಟಿಗೆ ಗೂಡಿನ ಝಳ. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಬೆಳಿಗ್ಗೆ ಒಂದು ಗಂಟೆ ಒಂದೇ ರಾಡು ಹಾಕಿದ್ದು ಇಷ್ಟು ಹೊತ್ತಿನವರೆಗೂ ಹಿಡಿದಿದೆಯಲ್ಲ, ಒಳ್ಳೇ ಮಾಲು ಕೊಟ್ಟಿದ್ದಾನೆ ಅಂಗಡಿಯವನು ಎಂದು ಹೆಂಡತಿಗೆ ಹೇಳಿದ. ಗೋವಿಂದಮ್ಮನೂ ಹೌದು, ಒಳ್ಳೇ ಮಾಲು ಎಂದಳು. ಮಿಲ್ಲಿನ ಸ್ಟೋರ್ಸಿನಲ್ಲಿ ಅವನು ನಾಲ್ಕು ಜನರಿಗೆ ಅದೇ ಕಂಪನಿಯ ಹೀಟರ್ ತೆಗೆದುಕೊಳ್ಳಲು ಶಿಫಾರಸು ಮಾಡಿದ.

ಇದರ ನಡುವೆ ಧನುಶ್ರೀ ಸೆಕೆ ಎನ್ನುತ್ತಿದ್ದಳು. ಚಳಿಗಾಲದಲ್ಲಿ ಬಾಣಂತಿ ಸೆಕೆ ಎಂದರೆ ಗೋವಿಂದಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಸನ್ನಿ ಹಿಡಿಯುವ ಮುಂಚೆ ಹಾಗೇ ಮಾತಾಡುತ್ತಾರೆ ಎಂದು ಅವಳು ಕೇಳಿ ಬಲ್ಲಳು. ಮಗಳ ಹಣೆ ಮುಟ್ಟಿ ನೋಡಿ ಇನ್ನೊಂದು ರಗ್ಗು ಹೊದಿಸುತ್ತಿದ್ದಳು, ಕಿವಿಗೆ ಇನ್ನಷ್ಟು ಹತ್ತಿ ತುರುಕಿ, ಮೆಣಸಿನ ಕಷಾಯ ಕುಡಿಸುತ್ತಿದ್ದಳು. ಕಷಾಯ ಕುಡಿದ ಧನುಶ್ರೀ ಇನ್ನಷ್ಟು ಬೆವೆತು, ಇನ್ನೂ ಜೋರಾಗಿ ಸೆಕೆ ಎನ್ನುತ್ತಿದ್ದಳು. ಮಗುವೂ ಹಗಲೆಲ್ಲ ಅಳುತ್ತಿತ್ತು. ಚಳಿಗೆ ಅಳುತ್ತಿದೆ ಎಂದು ಅದಕ್ಕೂ ಉಲ್ಲನ್ ಟೋಪಿ ಬಂತು.

ಹೀಗಿರುವಾಗ ನರಸೀಪುರದ ಬೀಗರು ಮಗು ನೋಡಲು ಬಂದರು. ರಾಚಯ್ಯ ಮೇಷ್ಟ್ರು ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು, ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು. ಜೊತೆಗೆ ಅವರ ಹೆಂಡತಿ ಚೆನ್ನಾಜಮ್ಮ. ಮೇಷ್ಟ್ರು ಮಗುವನ್ನು ನೋಡಿದರು, ಮೂಗು ನಮ್ಮ ಕಡೆಯದು ಎಂದರು, ಆಮೇಲೆ ಹೀಟರನ್ನು ನೋಡಿದರು. ಮಗುವಿಗಿಂತ ಹೀಟರನ್ನು ನೋಡಿದ ಹೊತ್ತೇ ಜಾಸ್ತಿ. ಕೊನೆಗೆ ನಡುಮನೆಗೆ ಬಂದು ಕೂತು, ಕಾಫಿ ಕುಡಿಯುತ್ತ, ಇದು ಹಳೇ ಕಾಲದ್ದು, ಸುಮ್ಮನೆ ಕರೆಂಟು ತಿನ್ನುತ್ತದೆ, ಈಗ ಆಯಿಲ್ ಹೀಟರ್ ಎಂದು ಬಂದಿದೆ, ಅರ್ಧ ಕರೆಂಟಿನಲ್ಲಿ ಎರಡರಷ್ಟು ಬಿಸಿ ಕೊಡುತ್ತದೆ ಎಂದು ನಿಧಾನವಾಗಿ ಪಾಠ ಮಾಡಿದರು. ಬೇರೆ ಯಾವ ವಿಷಯದಲ್ಲಿ ಬುದ್ಧಿ ಹೇಳಿದ್ದರೂ ನಿಂಗರಾಜು ಸಹಿಸುತ್ತಿದ್ದನೇನೋ. ಕರೆಂಟು ಉಳಿಸುವುದರಲ್ಲಿ ಅವನಿಗೇ ಬುದ್ಧಿ ಹೇಳುವವರು ಬಂದುಬಿಟ್ಟರಲ್ಲ.

ಅದು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಮುಂದಿನ ಶನಿವಾರ ಮೇಷ್ಟ್ರು ಆ ಆಯಿಲ್ ಹೀಟರನ್ನೇ ಹೊತ್ತುಕೊಂಡು, ಹೆಂಡತಿ ಮಗನ ಸಮೇತ ಬಸ್ಸಿನಲ್ಲಿ ಬಂದಿಳಿದರು. ಬಿಳೀ ಬಣ್ಣ, ಕೆಳಗೆ ಗಾಲಿ, ಬಡಕಲು ಎತ್ತಿನ ಪಕ್ಕೆಲುಬಿನ ಹಾಗೆ ಸಾಲು ಸಾಲು ತಗಡು. ಕಂಡಕ್ಟರ್ ಇದೇನು ಹಾರ್ಮೋನಿಯಮ್ಮಾ ಎಂದು ಕೇಳಿ ಲಗೇಜು ಟಿಕೆಟ್ಟು ಹರಿದನಂತೆ. ಗೋವಿಂದಮ್ಮ ಅದರ ಸುತ್ತ ಒಂದು ಸುತ್ತು ಬಂದು, ಯಾವ ಎಣ್ಣೆ ಹಾಕಬೇಕು, ಕಡಲೆಕಾಯಿ ಎಣ್ಣೆ ಆಗುತ್ತದಾ ಎಂದು ವಿಚಾರಿಸಿದಳು. ಎಣ್ಣೆ ಒಳಗೇ ಮುಚ್ಚಿಹೋಗಿದೆ, ಹಾಕುವ ಹಾಗೂ ಇಲ್ಲ, ತೆಗೆಯುವ ಹಾಗೂ ಇಲ್ಲ ಎಂದು ಮೇಷ್ಟ್ರು ತಿಳಿಸಿದರು.

ನಿಂಗರಾಜುವಿನ ಮುಖ ಸಣ್ಣದಾಯಿತು. ಬಾಣಂತನ ತವರಿನವರದು. ಅದರಲ್ಲಿ ಬೀಗರು ಹೀಟರ್ ತಂದಿಟ್ಟರೆ, ಇವರು ಮಗಳನ್ನು ಚಳಿಯಲ್ಲಿ ಮಲಗಿಸಿದ್ದಾರೆ ಎಂದು ಹೇಳಿದ ಹಾಗಲ್ಲವೇ. ಅದನ್ನು ಬಾಯಿಬಿಟ್ಟು ಹೇಳಲಾಗದೆ, ಆ ಸಂಜೆ ಅವನು ತಾನಾಗಿಯೇ ಹೋಗಿ ತನ್ನ ಹೀಟರಿನ ಎರಡೂ ರಾಡು ಹಾಕಿದ. ಜೀವಮಾನದಲ್ಲಿ ಅವನು ಬೇಕೆಂದೇ ಕರೆಂಟು ಖರ್ಚು ಮಾಡಿದ್ದು ಅದೇ ಮೊದಲು. ಮೇಷ್ಟ್ರು ಸುಮ್ಮನಿದ್ದಾರೆಯೇ? ತಮ್ಮದನ್ನೂ ಹಚ್ಚಿದರು. ಎರಡೂ ಉರಿದು ಸ್ವಲ್ಪ ಹೊತ್ತಿಗೆ ಟಪ್ಪೆಂದು ಸದ್ದಾಗಿ ಇಡೀ ಮನೆ ಕತ್ತಲಾಯಿತು. ಮಾದೇಶ್ ಎದ್ದು ಹೋಗಿ ಟಾರ್ಚು ಹಿಡಿದುಕೊಂಡು ಫ್ಯೂಸ್ ಕಟ್ಟಿದ. ಕಟ್ಟಿ ಬಂದು, ಒಂದು ಸಲಕ್ಕೆ ಒಂದೇ ಹಾಕಬೇಕು, ಇಲ್ಲದಿದ್ದರೆ ವೈರು ಸುಟ್ಟುಹೋಗುತ್ತದೆ ಎಂದ. ಅವನು ಆ ವಾರ ಆಡಿದ್ದರಲ್ಲೆಲ್ಲ ಅದೇ ಉದ್ದದ ಮಾತು.

ಒಂದೇ ಎಂದರೆ ಯಾವುದು? ಅದನ್ನು ತೀರ್ಮಾನಿಸಲು ಮಾರನೇ ದಿನ, ಭಾನುವಾರ, ಪರೀಕ್ಷೆ ಏರ್ಪಾಡಾಯಿತು.

ಮೇಷ್ಟ್ರು ನಿಯಮ ಹೇಳಿದರು. ಮನೆಯ ಬೇರೆಲ್ಲ ಸ್ವಿಚ್ಚು ಆರಿಸಬೇಕು. ಬಾಣಂತಿ ಕೋಣೆಯ ಬಾಗಿಲು ಹಾಕಿ ಒಂದು ಗಂಟೆ ರಾಡು ಹೀಟರ್ ಹಾಕಬೇಕು. ಆಮೇಲೆ ಬಾಗಿಲು ಕಿಟಕಿ ತೆರೆದು ಕೋಣೆ ತಣ್ಣಗಾಗಲು ಬಿಟ್ಟು, ಮತ್ತೆ ಮುಚ್ಚಿ ಒಂದು ಗಂಟೆ ಆಯಿಲ್ ಹೀಟರ್. ಮಾದೇಶ್ ಜಗುಲಿಯಲ್ಲಿ ಮೀಟರಿನ ಮುಂದೆ ಕೂರಬೇಕು. ಬಿಸಿ ಅಳೆಯುವುದು ಹೇಗೆ ಎಂದು ನಿಂಗರಾಜು ಕೇಳಿದ. ಮೇಷ್ಟ್ರು ಯೋಚನೆ ಮಾಡಿ, ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯ ಎರಡು ಸೀಸೆ ತರಿಸಿದರು. ಎರಡಕ್ಕೂ ಸಮನಾಗಿ ಎಣ್ಣೆ, ಎರಡಕ್ಕೂ ಒಂದೇ ಮೂಲೆ. ಯಾರ ಹೀಟರಿಗೆ ಎಣ್ಣೆ ಬೇಗ ಕರಗುತ್ತದೋ ಅವರದು ಗೆಲುವು. ಇದಕ್ಕೆಲ್ಲ ಕೋಣೆ ಖಾಲಿ ಬೇಕಾದ್ದರಿಂದ ಧನುಶ್ರೀಯನ್ನೂ ಮಗುವನ್ನೂ ನಡುಮನೆಗೆ ದಾಟಿಸಿ, ಕಿಟಕಿಯ ಪಕ್ಕ ಚಾಪೆ ಹಾಸಿಕೊಟ್ಟರು. ಸ್ವಲ್ಪ ಹೊತ್ತು ತಾನೇ ಎಂದು ಗೋವಿಂದಮ್ಮನೂ ಒಪ್ಪಿದಳು.

ಇಬ್ಬರು ತಾತಂದಿರೂ ಕೋಣೆಯೊಳಗೆ ಎರಡು ಕುರ್ಚಿ ಹಾಕಿಕೊಂಡು, ಬಾಗಿಲು ಮುಚ್ಚಿಕೊಂಡು, ಎಣ್ಣೆ ಸೀಸೆಯನ್ನು ನೋಡುತ್ತ ಕೂತರು. ಮೊದಲ ಪಾಳಿಯಲ್ಲಿ ನಿಂಗರಾಜುವಿನ ಎರಡೂ ರಾಡು ತಟ್ಟನೆ ಕೆಂಪಗಾದವು. ಅವನು ಹೆಮ್ಮೆಯಿಂದ ಬೀಗರ ಕಡೆ ನೋಡಿದ. ಮೇಷ್ಟ್ರು ಷರಟಿನ ಮೇಲಿನ ಗುಂಡಿ ಬಿಚ್ಚಿಕೊಂಡರು. ಎರಡನೇ ಪಾಳಿಯಲ್ಲಿ ಆಯಿಲ್ ಹೀಟರ್ ಎಷ್ಟು ಹೊತ್ತಾದರೂ ಬೆಚ್ಚಗಾಗಲೇ ಇಲ್ಲ, ಆಮೇಲೆ ಬಿಸಿಯಾಗಿದ್ದು ಬಿಸಿಯಾಗುತ್ತಲೇ ಹೋಯಿತು. ನಿಂಗರಾಜು ಬನಿಯನ್ನಿಗೆ ಇಳಿದ. ಮೇಷ್ಟ್ರು ಕನ್ನಡಕ ಒರೆಸಿದರು, ಒರೆಸಿದ ಕೂಡಲೇ ಮತ್ತೆ ಬೆವರು ಹನಿಯಿತು. ಆಚೆಗೆ ಹೋಗೋಣ ಎಂದು ಇಬ್ಬರಲ್ಲಿ ಯಾರೂ ಅನ್ನಲಿಲ್ಲ. ಅಂದವರು ಸೋತ ಹಾಗೆ.

ಎಣ್ಣೆ ಎರಡು ಸಲವೂ ಹೆಚ್ಚೂಕಮ್ಮಿ ಗಂಟೆ ತುಂಬುವ ಹೊತ್ತಿಗೇ ಕರಗಿತು. ಮಾದೇಶ್ ಒಳಗೆ ಬಂದು, ಅದಕ್ಕೆ ಎರಡು ಯೂನಿಟ್ಟು, ಇದಕ್ಕೂ ಎರಡು ಯೂನಿಟ್ಟು ಎಂದು ವರದಿ ಒಪ್ಪಿಸಿದ. ಎರಡರ ಮೇಲೂ ಎರಡು ಸಾವಿರ ವ್ಯಾಟು ಎಂದು ಬರೆದಿತ್ತು. ಹೀಗಾದ ಮೇಲೂ ಮೇಷ್ಟ್ರು, ಆರಿಸಿದ ಮೇಲೂ ತಮ್ಮದು ಬಿಸಿ ಉಳಿಸಿಕೊಂಡಿರುತ್ತದೆ ಎಂದರು. ಆ ಬಿಸಿಗೆ ಮೊದಲೇ ಅರ್ಧ ಗಂಟೆ ಕಾಯಿಸಿದ ಲೆಕ್ಕ ಯಾರದು ಎಂದು ನಿಂಗರಾಜು ಕೇಳಿದ. ಇಬ್ಬರೂ ಬೆವರು ಒರೆಸಿಕೊಳ್ಳುತ್ತ ವಾದ ಮಾಡಿಕೊಂಡು ನಡುಮನೆಗೆ ಬಂದರೆ ಗೋವಿಂದಮ್ಮ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು.

ಅವಳಿಗೆ ಅಷ್ಟು ಹೊತ್ತೂ ಏನೋ ಒಂದು ಸದ್ದು ಕಮ್ಮಿಯಾಗಿದೆ ಅನ್ನಿಸುತ್ತಿತ್ತು. ಏನೆಂದು ಹೊಳೆದದ್ದು ಕೊನೆಗೆ. ಮಗು ಅತ್ತೇ ಇರಲಿಲ್ಲ. ಗಾಬರಿಯಾಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರಾಡುತ್ತಿತ್ತು. ಟೋಪಿ ಜಾರಿ, ಕೈ ಎರಡೂ ಚಾಚಿಕೊಂಡು, ಗಾಳಿಗೆ ಮುಖ ಕೊಟ್ಟು ನಿದ್ದೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಧನುಶ್ರೀ ರಗ್ಗನ್ನು ಕಾಲಿನಿಂದ ದೂರ ಒದ್ದು ಬಾಯಿ ಬಿಟ್ಟುಕೊಂಡು ಮಲಗಿದ್ದಳು. ಅವಳು ಹಾಗೆ ಮಲಗಿದ್ದನ್ನು ಹೆರಿಗೆಯಾದ ಮೇಲೆ ಯಾರೂ ನೋಡಿರಲಿಲ್ಲ.

ಎಚ್ಚರವಾದ ಮೇಲೆ ತಾಯಿ ಮಗುವನ್ನು ಮತ್ತೆ ಕೋಣೆಗೆ ಸೇರಿಸಿದರು. ಮಗು ಮನೆ ಹಾರಿಹೋಗುವಂತೆ ಕಿರುಚಿತು.

ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿ ಆಸ್ಪತ್ರೆಗೆ ಹೋದರು. ಲೇಡಿ ಡಾಕ್ಟರು ಮಗುವಿನ ಬಟ್ಟೆ ಒಂದೊಂದಾಗಿ ಬಿಚ್ಚುತ್ತ ಹೋದರು. ಟೋಪಿ, ಸ್ವೆಟರು, ಅದರೊಳಗೆ ಫ್ಲಾನಲ್ಲು, ಅದರೊಳಗೆ ಇನ್ನೊಂದು. ಕತ್ತು, ಬೆನ್ನು, ಕಂಕುಳು ಎಲ್ಲ ಕೆಂಪು ಕೆಂಪು ಗುಳ್ಳೆ.

"ಬೆವರುಸಾಲೆ" ಎಂದರು ಡಾಕ್ಟರು. "ಡಿಸೆಂಬರ್‌ನಲ್ಲಿ ಬೆವರುಸಾಲೆ ಆಗಿರೋ ಮಗೂನ ನಾನು ಇವತ್ತೇ ನೋಡ್ತಿರೋದು. ನೀವಿರೋದು ನಂಜನಗೂಡಲ್ಲಿ ತಾನೇ?"

ಆಗ ಧನುಶ್ರೀ ಕಿವಿಯಿಂದ ಹತ್ತಿ ತೆಗೆದು ಮೇಜಿನ ಮೇಲಿಟ್ಟು, ಮೊದಲು ಅವ್ವನನ್ನು, ಆಮೇಲೆ ಅಪ್ಪ ಮತ್ತು ಮಾವನನ್ನು ನೋಡಿದಳು.

"ನಾನು ಸೆಕೆ ಸೆಕೆ ಅಂತ ಬಾಯ್ ಬಡ್ಕೊಂಡೆ. ನೀವು ಕೊಬ್ಬರಿ ಎಣ್ಣೇನ ಕೇಳುದ್ರಿ, ನನ್ನ ಕೇಳ್ಲಿಲ್ಲ. ಇನ್ಮೇಲೆ ಆ ಎರಡು ಹೀಟರೂ ನನ್ನ ಕಣ್ಣಿಗೆ ಬೀಳ್ಬಾರ್ದು."

ಹೆಂಗಸರು ಔಷಧಿ ಕೊಳ್ಳಲು ನಿಂತರು. ಮಾದೇಶ್ ಆಟೋ ಹುಡುಕಲು ಹೋದ. ಇಬ್ಬರು ಬೀಗರೂ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತರು. ನಿಂಗರಾಜುವಿಗೆ ನಾಚಿಕೆಯಾಗಿತ್ತು. ನಾಚಿಕೆಗಿಂತ, ಮೇಷ್ಟ್ರು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದು ಅವನಿಗೆ ದಿಗಿಲು ತಂದಿತು. ಮೈ ಹುಷಾರಿಲ್ಲವಾ ಎಂದು ಕೇಳಿದ.

ಮೇಷ್ಟ್ರು ಇಲ್ಲ ಎಂದು ತಲೆಯಾಡಿಸಿ, ನೆಲ ನೋಡುತ್ತ ಹೇಳಿದರು. ಮಾದೇಶನಿಗಿಂತ ಮೊದಲು ಅವರಿಗೊಂದು ಗಂಡು ಮಗುವಾಗಿತ್ತು. ಆಗಿನ್ನೂ ಕೆಲಸ ಸಿಕ್ಕಿರಲಿಲ್ಲ, ಹೊಳೆಯ ದಡದ ಹತ್ತಿರ ಗುಡಿಸಲು, ಬಾಗಿಲಿಗೆ ಬಿದಿರಿನ ತಟ್ಟಿ. ಮಾಗಿಯ ಚಳಿ, ಸಂಗಮದ ಕಡೆಯಿಂದ ಬೀಸುವ ಗಾಳಿ. ಮಗುವಿಗೆ ಸೀತವಾಗಿ ಎದೆ ಕಟ್ಟಿತು. ಹೆಸರಿಡುವುದಕ್ಕೂ ಉಳಿಯಲಿಲ್ಲ. ಚೆನ್ನಾಜಮ್ಮ ಇಂದಿಗೂ ಮನೆಯ ಬಾಗಿಲನ್ನು ಎರಡೆರಡು ಸಲ ತಳ್ಳಿ ನೋಡಿಯೇ ಮಲಗುತ್ತಾಳೆ ಎಂದರು.

"ಅಂಗಡೀಲಿ ಆ ಹೀಟರ್ ನೋಡ್ದಾಗ ಕರೆಂಟು ಎಷ್ಟು ತಿಂತದೆ ಅಂತ ನಾನು ಕೇಳ್ಳೇ ಇಲ್ಲ ಬೀಗ್ರೆ. ಅರ್ಧ ಕರೆಂಟು ಅಂತ ನಿಮ್ಗೆ ಏಳಿದ್ದು ನನ್ನ ಸೃಷ್ಟಿ. ಇಲ್ದಿದ್ರೆ ನೀವು ಹಾಕೋಕೆ ಬಿಡಲ್ಲ ಅಂತ ನಮ್ಮನೇಲಿ ಎಲ್ರೂ ಏಳಿದ್ರು."

ಬೇರೆ ಹೊತ್ತಾಗಿದ್ದರೆ ಆ ಕಡೆಯ ಮಾತಿಗೆ ನಿಂಗರಾಜು ಸಿಟ್ಟಾಗುತ್ತಿದ್ದ. ಹೆಡ್‌ಮಾಸ್ಟರಾಗಿದ್ದವರು ಅಷ್ಟು ವರ್ಷ ತಿದ್ದಿಟ್ಟುಕೊಂಡ ಭಾಷೆ ಬಿಟ್ಟು ಹಟ್ಟಿಯ ಮಾತಿಗೆ ಇಳಿದದ್ದನ್ನು ಕೇಳಿ ಅವನು ಎದ್ದು ಹೋಗಿ ಗೇಟಿನ ಹತ್ತಿರದಿಂದ ಎರಡು ಟೀ ತಂದ. ಒಂದನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು, ಸ್ವಲ್ಪ ಹತ್ತಿರಕ್ಕೇ ಕೂತು, "ಕುಡೀರಿ, ಆರೋಯ್ತದೆ" ಎಂದ.

ಮಗುವಿನ ಗುಳ್ಳೆ ವಾರದಲ್ಲಿ ಮಾಯವಾಯಿತು. ಹೀಟರುಗಳು ಅಟ್ಟ ಸೇರಿದವು. ಮುಂದಿನ ತಿಂಗಳು ಮೀಟರ್ ಓದುವವನು ಬಂದ. ನಿಂಗರಾಜು ಎಂದಿನಂತೆ ಗೇಟಿನಲ್ಲೇ ಬಿಲ್ಲು ಇಸಿದುಕೊಂಡು ನೋಡಿದ. ಯಾವತ್ತಿನ ಬಿಲ್ಲಿನ ಐದರಷ್ಟಿತ್ತು. ಚಿಕ್ಕಸ್ವಾಮಿ ಆ ಸಲ ತಾನೇ ಕಾಂಪೌಂಡಿನ ಹತ್ತಿರ ಬಂದು ನಿಮ್ಮದು ಎಷ್ಟು ಬಂತು ಎಂದು ಕೇಳಿದ. ನಿಂಗರಾಜು ಇನ್ನೂ ನೋಡಿಲ್ಲ ಎಂದು ಒಳಗೆ ಹೋದ. ದಿನಕ್ಕೆ ಎರಡು ಗಂಟೆ ಒಂದು ರಾಡಿನ ಲೆಕ್ಕ ಹಾಕಿದರೆ ಹೇಗೆ ಗುಣಿಸಿದರೂ ಅಷ್ಟಾಗುತ್ತಿರಲಿಲ್ಲ. ಮೀಟರ್ ಕೆಟ್ಟಿದೆ, ಕಂಪ್ಲೇಂಟು ಕೊಡುತ್ತೇನೆ ಎಂದು ಹೊರಟವನನ್ನು ತಡೆದು ಗೋವಿಂದಮ್ಮ ಎಲ್ಲವನ್ನೂ ಒಪ್ಪಿಕೊಂಡಳು. ಅವನಿಗೆ ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಮಿಲ್ಲಿನಲ್ಲಿ ನಾಲ್ಕು ಜನ ಆಗಲೇ ಅದೇ ಹೀಟರ್ ಕೊಂಡಿದ್ದರು.

ಆದರೂ ಆ ಬಿಲ್ಲು ಅವನ ತಲೆಯಲ್ಲಿ ಒಂದು ಹುಳ ಬಿಟ್ಟಿತು. ಎರಡು ಹೀಟರೂ ಒಂದೇ ಸಮ ಕರೆಂಟು ತಿಂದು ಒಂದೇ ಸಮ ಬಿಸಿ ಕೊಟ್ಟವು. ಹಾಗಾದರೆ ಉಳಿತಾಯ ಇರುವುದು ಹೀಟರಿನಲ್ಲಲ್ಲ, ಬಿಸಿ ಆಚೆಗೆ ಹೋಗದ ಹಾಗೆ ಮಾಡುವುದರಲ್ಲಿ. ತಾರಸಿ ಮನೆಗೆ ಇದರ ಗರಜಿಲ್ಲ, ಆದರೆ ಮಗು ನಾಳೆ ಹೋಗಬೇಕಾದದ್ದು ನರಸೀಪುರದ ಹೆಂಚಿನ ಮನೆಗೆ. ಈ ಮಾತನ್ನು ಮೇಷ್ಟ್ರಿಗೆ ಹೇಳಿದಾಗ ಅವರಿಗೆ ಹೋದ ಜೀವ ಬಂದ ಹಾಗಾಯಿತು. ಜನವರಿ ತುಂಬ, ವಾರದ ರಜೆ ಬಂದರೆ ಸಾಕು, ನಿಂಗರಾಜು ನರಸೀಪುರದ ಬಸ್ಸು ಹತ್ತುತ್ತಿದ್ದ. ಮೇಷ್ಟ್ರು ಏಣಿ ಹಿಡಿದರು, ನಿಂಗರಾಜು ಹತ್ತಿದ. ಹೆಂಚಿನ ಸಂದಿಗೆ ಗಾರೆ ಮೆತ್ತಿದರು. ಹೆಂಚಿನ ಕೆಳಗೆ ಥರ್ಮೋಕೋಲ್ ಹಲಗೆ ಹೊಡೆದರು. ಗಾಳಿಗೂಡನ್ನು ಇಟ್ಟಿಗೆಯಿಂದ ಮುಚ್ಚಿದರು. ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹೊಡೆದರು. ಕೆಲಸ ಮುಗಿದ ಮೇಲೆ ಮೇಷ್ಟ್ರು ಒಳಗೆ ಊದುಬತ್ತಿ ಹಚ್ಚಿ, ಹೊಗೆ ಅಲುಗಾಡದೆ ನೇರವಾಗಿ ಮೇಲೇರಿದ್ದನ್ನು ಬೀಗರಿಗೆ ತೋರಿಸಿದರು. ಇಬ್ಬರೂ ಆ ಹೊಗೆಯನ್ನು ಬಹಳ ಹೊತ್ತು ನೋಡಿ ಸಂತೋಷಪಟ್ಟರು. ಚೆನ್ನಾಜಮ್ಮ ಬಾಗಿಲಿನಲ್ಲಿ ನಿಂತು, ಕೈಯಿಂದ ಚೌಕಟ್ಟಿನ ಸುತ್ತ ಸವರಿ ನೋಡಿದಳು. ಗಾಳಿ ಎಲ್ಲೂ ಬರುತ್ತಿರಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ಒಬ್ಬಟ್ಟು ಬಡಿಸಿದಳು.

ಬಾಣಂತನ ಮುಗಿಸಿ ಧನುಶ್ರೀ ಮಗುವಿನೊಂದಿಗೆ, ಅಪ್ಪ ಅವ್ವನ ಜೊತೆ ಗಂಡನ ಮನೆಗೆ ಹೋದದ್ದು ಐದನೇ ತಿಂಗಳಲ್ಲಿ. ಅಂದರೆ ಏಪ್ರಿಲ್‌ನಲ್ಲಿ.

ತಿಂಗಳ ಲೆಕ್ಕ ಇಬ್ಬರ ತಲೆಗೂ ಹೊಳೆದಿರಲಿಲ್ಲ. ಆ ದಿನ ಬಿಸಿಲು ಹೇಗಿತ್ತೆಂದರೆ ಹೊಳೆಯ ಮರಳಿನ ಮೇಲೆ ನಾಯಿಯೂ ಕಾಲಿಡುತ್ತಿರಲಿಲ್ಲ. ಆರತಿ ಎತ್ತಿ ಒಳಗೆ ಕರೆದುಕೊಂಡ ಮೇಲೆ ಮೇಷ್ಟ್ರು ಮುಂದೆ ಮುಂದೆ ಹೋಗಿ, ಮೊಮ್ಮಗಳಿಗೆಂದೇ ಸಿದ್ಧಪಡಿಸಿದ ಕೋಣೆಯ ಬಾಗಿಲು ತೆರೆದರು. ರಬ್ಬರ್ ಪಟ್ಟಿ ನೆಲಕ್ಕೆ ಅಂಟಿದ್ದು ಪಚಕ್ಕೆಂದಿತು. ಒಳಗಿನಿಂದ ಬಂದ ಝಳಕ್ಕೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಧನುಶ್ರೀ ಹೊಸಲಿನಲ್ಲೇ ನಿಂತು ಒಳಗೆ ಇಣುಕಿ, ಥರ್ಮೋಕೋಲ್ ನೋಡಿ, ಗಾಳಿಗೂಡಿದ್ದ ಜಾಗ ನೋಡಿ, ತಿರುಗಿ ಅಪ್ಪ, ಮಾವ ಇಬ್ಬರ ಮುಖವನ್ನೂ ನೋಡಿದಳು.

"ಇದನ್ನ ಮಾಡಿದ್ದು ಯಾರು?"

ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು.

ಮಾದೇಶ್ ನಕ್ಕುಬಿಟ್ಟ. ಅವನು ಜೋರಾಗಿ ನಕ್ಕದ್ದನ್ನು ಅತ್ತೆ ಮಾವ ಕಂಡದ್ದು ಅದೇ ಮೊದಲು. ನಗು ಚೆನ್ನಾಜಮ್ಮನಿಗೆ ಹತ್ತಿತು, ಆಮೇಲೆ ಗೋವಿಂದಮ್ಮನಿಗೆ, ತಡೆಯಲಾಗದೆ ಧನುಶ್ರೀಗೂ. ಮಾದೇಶ್ ಹಿತ್ತಲಿನ ಹೊಂಗೆ ಮರದ ಕೊಂಬೆಗೆ ಹಗ್ಗ ಕಟ್ಟಿ ಅವ್ವನ ಹಳೇ ಸೀರೆಯ ಜೋಲಿ ಹಾಕಿದ. ಅಲ್ಲಿ ಹೊಳೆಯ ಕಡೆಯಿಂದ ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಮಗು ಜೋಲಿಯಲ್ಲಿ ಕಾಲಾಡಿಸುತ್ತ ಎಲೆಗಳನ್ನು ನೋಡುತ್ತ ಮಲಗಿತು.

ಊಟವಾದ ಮೇಲೆ ಮೇಷ್ಟ್ರು ಕುರ್ಚಿ ತಂದು ಜೋಲಿಯ ಒಂದು ಪಕ್ಕ ಕೂತರು, ನಿಂಗರಾಜು ಇನ್ನೊಂದು ಪಕ್ಕ. ಒಬ್ಬರು ತೂಗಿದರೆ ಇನ್ನೊಬ್ಬರು ಹಿಡಿದು ವಾಪಸು ತೂಗುತ್ತಿದ್ದರು. ಕೋಣೆಯ ಥರ್ಮೋಕೋಲ್ ಕಿತ್ತುಹಾಕಬೇಕಲ್ಲ ಎಂದು ನಿಂಗರಾಜು ಹೇಳಿದಾಗ ಮೇಷ್ಟ್ರು ಮೆಲ್ಲಗೆ, ಕೀಳುವುದೇನೂ ಬೇಡ, ಮೈಸೂರಿನ ಅಂಗಡಿಯಲ್ಲಿ ಏರ್ ಕೂಲರ್ ಎಂದು ಒಂದು ಬಂದಿದೆ ಎಂದರು.

ನಿಂಗರಾಜು ಜೋಲಿ ತೂಗುವ ಕೈಯನ್ನು ನಿಲ್ಲಿಸಿದ.

"ಎಷ್ಟು ವ್ಯಾಟು?" ಎಂದ.